ಮದ್ದು ಮುಂದೆ, ಮದ್ದು ಹಿಂದೆ

ಪೆರಂಬೂರಿನ ಆ ಶೂಟರ್ ನಮ್ಮ ತೋಟಾಗಳ ಮೇಲೆ ದೂರು ಹೊತ್ತು ಬಂದಾಗ ಅವಳ ಕೋಚ್ ಕೂಡ ಜೊತೆಗಿದ್ದರು. ಅವಳ ಪರವಾಗಿ ಮಾತಾಡಲು ಬಂದವರಲ್ಲ. ದೂರಿನಲ್ಲಿ ಹುರುಳಿಲ್ಲವೆಂದು ನಮ್ಮ ಬಾಯಿಂದಲೇ ಅವಳಿಗೆ ಹೇಳಿಸಿ, ಬುದ್ಧಿ ಕಲಿಸಿ, ವಾಪಸು ಕರೆದುಕೊಂಡು ಹೋಗಲು ಬಂದಿದ್ದರು. ಸೈನ್ಯದಿಂದ ನಿವೃತ್ತರಾದ ಭಾರೀ ಆಳು. ಬೆಳಗಾವಿಯಲ್ಲಿ ಕೆಲವು ಕಾಲ ಇದ್ದುದರಿಂದ ಹರಕು ಕನ್ನಡ ಬೆರೆಸಿದ ತಮಿಳಿನಲ್ಲಿ ಮಾತಾಡುತ್ತಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು, “ಭಯಂ ಮೇಡಂ, ವೇರೆ ಒಣ್ಣುಮಿಲ್ಲೆ. ಟ್ರಯಲ್ಸ್ ಹತ್ತಿರ ಬಂತಲ್ಲ, ಕೈ ನಡುಗುತ್ತೆ. ತಪ್ಪೆಲ್ಲಾ ತೋಟಾ ಮೇಲೆ.”

ಹುಡುಗಿ ನಿಂತೇ ಇದ್ದಳು. ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿತ್ತು. ಅಜ್ಜ ಧಾರವಾಡದ ಕಡೆಯಿಂದ ಬಂದು ಪೆರಂಬೂರಿನ ವರ್ಕ್‌ಷಾಪ್ ಸೇರಿದವರಂತೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. “ಅಕ್ಕಾ, ನೀಂಗಳೇ ಪಾರುಂಗ,” ನೀವೇ ನೋಡಿ ಎಂದು ಸುರುಳಿ ಸುತ್ತಿದ್ದ ಗುರಿಯ ಕಾಗದವನ್ನು ಮೇಜಿನ ಮೇಲೆ ಬಿಡಿಸಿದಳು.

ಗುಂಡುಗಳೆಲ್ಲ ನೂಲು ಇಳಿಬಿಟ್ಟ ಹಾಗೆ ಒಂದರ ಕೆಳಗೊಂದು ಬಿದ್ದಿದ್ದವು. ಎಡಬಲಕ್ಕೆ ಹೆಚ್ಚುಕಡಿಮೆ ಚೆದುರಿರಲೇ ಇಲ್ಲ. ಹೆದರಿದ ಕೈ ಹೀಗೆ ಮೇಲೆ-ಕೆಳಗೆ ಮಾತ್ರ ಆರಿಸಿಕೊಂಡು ನಡುಗುವುದಿಲ್ಲ.

ನಾನು ಆ ಕಂಪನಿಯ ಪರೀಕ್ಷಾ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಶ್ರೀಪೆರುಂಬುದೂರಿನಿಂದ ಆಚೆ, ಗುರಿ ಸ್ಪರ್ಧೆಯ ರೈಫಲ್‌ಗಳಿಗೆ ತೋಟಾ ತುಂಬುವ ಸಣ್ಣ ಕಾರ್ಖಾನೆ ಅದು. ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಕ್ಯಾಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ತೋಟಾ ಅಂದರೆ ಇಷ್ಟೇ. ತುಂಬಿದ ಪ್ರತಿ ಕಂತಿನಿಂದಲೂ ಒಂದಿಷ್ಟನ್ನು ತೆಗೆದು ಕಾಂಕ್ರೀಟಿನ ಉದ್ದ ಸುರಂಗದಲ್ಲಿ ಹಾರಿಸಿ ಗುಂಡಿನ ವೇಗ ಅಳೆಯುವುದು ನನ್ನ ಕೆಲಸ. ದಾರಿಯಲ್ಲಿ ಎರಡು ಬೆಳಕಿನ ಪರದೆಗಳಿರುತ್ತವೆ. ಗುಂಡು ಮೊದಲನೆಯದನ್ನು ದಾಟಿ ಎರಡನೆಯದನ್ನು ದಾಟುವುದಕ್ಕೆ ಹಿಡಿದ ಹೊತ್ತಿನಿಂದ ಯಂತ್ರ ವೇಗ ಹೇಳುತ್ತದೆ. ವೇಗ ಎಷ್ಟು ಎನ್ನುವುದಕ್ಕಿಂತ, ಒಂದರ ಹಾಗೆ ಇನ್ನೊಂದು ಇದೆಯೇ ಎನ್ನುವುದು ಮುಖ್ಯ. ಮುನ್ನೂರು ಮೀಟರಿನಾಚೆ ಹತ್ತು ಅಂಕದ ವೃತ್ತ ಅಂಗೈಯಷ್ಟು ಅಗಲ. ನಿಧಾನವಾದ ಗುಂಡು ಕೆಳಗೆ ಬೀಳುತ್ತದೆ, ಚುರುಕಾದದ್ದು ಮೇಲೆ. ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಹತ್ತು ಒಂಬತ್ತಾಗುತ್ತದೆ, ಒಬ್ಬರು ವರ್ಷವಿಡೀ ಸುರಿಸಿದ ಬೆವರು ನೀರಾಗುತ್ತದೆ. ನಮ್ಮ ಡಬ್ಬಿಯ ಮೇಲೆ ಈ ಒಂದೇತನದ ಬಗ್ಗೆಯೇ ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಅವಳು ತಂದ ಡಬ್ಬಿಯಿಂದಲೇ ಹತ್ತು ತೋಟಾ ತೆಗೆಸಿದೆ. ಬಂಡೆಯಂಥ ಪೀಠಕ್ಕೆ ಬಿಗಿದ ಪರೀಕ್ಷಾ ನಳಿಕೆಯಲ್ಲಿ ಮೊದಲು ಒಂದೆರಡು ಬೇರೆ ತೋಟಾ ಹಾರಿಸಿ ನಳಿಕೆ ಹದಕ್ಕೆ ಬಂದ ಮೇಲೆ ಇವನ್ನು ಹಾರಿಸಿದೆವು. ನಮ್ಮ ಆಪರೇಟರ್ ಶ್ರದ್ಧೆಯ ಮನುಷ್ಯ. ತೋಟಾವನ್ನು ಕ್ಯಾಪು ಕೆಳಗಾಗಿ ನೆಟ್ಟಗೆ ಹಿಡಿದು, ಉಗುರಿನಿಂದ ಮೆಲ್ಲಗೆ ತಟ್ಟಿ, ಮಲಗಿಸಿ, ನಳಿಕೆಗೆ ನೂಕಿ, ಪಕ್ಕದ ಕೋಣೆಗೆ ಬಂದು ಗುಂಡಿ ಒತ್ತುತ್ತಿದ್ದ. ಹತ್ತೂ ಬಂದವು, ಒಂದೇ ತಾಯಿಯ ಮಕ್ಕಳ ಹಾಗೆ. ವ್ಯತ್ಯಾಸ ತೀರಾ ಅಲ್ಪ.

“ಪಾತ್ತಿಯಾ?” ಎಂದು ಕೋಚ್ ಹುಡುಗಿಯ ಕಡೆ ತಿರುಗಿದರು. ನೋಡಿದೆಯಾ ಎಂದು ಕೇಳುವುದರಲ್ಲೇ ಅವರಿಗೊಂದು ಸುಖವಿತ್ತು. ಆ ಸುಖ ನನಗೆ ಹಿಡಿಸಲಿಲ್ಲ. ತನ್ನ ಶಿಷ್ಯೆ ಸೋತದ್ದಕ್ಕೆ ಅಷ್ಟು ತೃಪ್ತಿಪಡುವ ಗುರುವನ್ನು ನಾನು ನೋಡಿರಲಿಲ್ಲ. ಅವಳು ಕಾಗದ ಸುತ್ತಿಕೊಂಡಳು. ಬಾಗಿಲ ತನಕ ಹೋಗಿ ನಾನೇ ಹೇಳಿದೆ, “ನಿನ್ನ ರೈಫಲ್ ತಗೊಂಡು ಇನ್ನೊಂದು ಸಲ ಬಾಮ್ಮಾ. ನೀನೇ ಹೊಡಿ, ನಾನು ಅಳೀತೀನಿ.”

ಮುಂದಿನ ವಾರದ ರಜೆಯಲ್ಲಿ ಅವಳು ಪರವಾನಗಿಯ ಕಾಗದಗಳನ್ನೂ ರೈಫಲ್ಲಿನ ಉದ್ದ ಪೆಟ್ಟಿಗೆಯನ್ನೂ ಹಿಡಿದುಕೊಂಡು ಒಬ್ಬಳೇ ಬಂದಳು. ಸುರಂಗದ ಬಾಯಲ್ಲಿ ಚಾಪೆ ಹಾಸಿ ಮಲಗಿದಳು. ಆಪರೇಟರ್ ಪಕ್ಕದಲ್ಲಿ ಕೂತು, ರೂಢಿಯಂತೆ ತಟ್ಟಿ, ಒಂದೊಂದಾಗಿ ಹತ್ತು ತೋಟಾ ಕೈಗಿಟ್ಟ. ಆ ಹತ್ತೂ ಚೆನ್ನಾಗಿಯೇ ಬಂದವು. ಕೋಚ್ ಹೇಳಿದ್ದೇ ನಿಜವೇನೋ ಎಂದು ನನಗೂ ಅನ್ನಿಸಿತು.

ಅವಳು ಎದ್ದು ಕೂತಳು. ಹೀಗೆ ಯಾರೋ ತುತ್ತು ಕೊಟ್ಟ ಹಾಗೆ ಕೊಟ್ಟರೆ ತನ್ನ ಲಯವೇ ಬರುವುದಿಲ್ಲ, ಮೈದಾನದಲ್ಲಿ ಹೇಗೆ ಮಾಡುತ್ತೇನೋ ಹಾಗೆ ಮಾಡಲೇ ಎಂದು ತಮಿಳಿನಲ್ಲಿ ಕೇಳಿದಳು. ಚೀಲದಿಂದ ತೂತುಗಳಿದ್ದ ಮರದ ಹಲಗೆಯೊಂದನ್ನು ತೆಗೆದು, ತೋಟಾಗಳನ್ನು ತಲೆಕೆಳಗಾಗಿ, ಗುಂಡಿನ ಮೂತಿ ಕೆಳಗಾಗಿ, ಅದರಲ್ಲಿ ನೆಟ್ಟಳು. ತೆಗೆಯಲು ಹಿಡಿತ ಸಿಗುತ್ತದೆ ಎಂದು ಅನೇಕ ಶೂಟರುಗಳು ಹಾಗೇ ಇಟ್ಟುಕೊಳ್ಳುತ್ತಾರೆ. ಮಲಗಿದಲ್ಲಿಂದಲೇ ರೈಫಲ್ಲಿನ ಮೂತಿಯನ್ನು ಸ್ವಲ್ಪ ತಗ್ಗಿಸಿ ತುಂಬಿಕೊಂಡು, ಎತ್ತಿ, ಉಸಿರು ಬಿಟ್ಟು ಹೊಡೆದಳು.

ಯಂತ್ರದ ಅಂಕಿಗಳು ಕುಣಿಯತೊಡಗಿದವು. ಒಂದು ಮೇಲೆ, ಒಂದು ಕೆಳಗೆ, ಎರಡು ಮತ್ತೂ ಕೆಳಗೆ. ಅವಳ ಕಾಗದದಲ್ಲಿದ್ದ ನೂಲು ನನ್ನ ತೆರೆಯ ಮೇಲೆ ಬಂದಿತ್ತು.

ಮೊದಲು ನನ್ನ ಯಂತ್ರವನ್ನೇ ಅನುಮಾನಿಸಿದೆ. ಪರದೆಗಳ ದೀಪ ನೋಡಿದೆ, ತಂತಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದೆ. ನಳಿಕೆ ಕಾದಿರಬಹುದೆಂದು ತಣಿಯಲು ಬಿಟ್ಟೆವು. ಹೊರಗೆ ಮೇ ತಿಂಗಳ ಬಿಸಿಲು, ತೋಟಾಗಳೇ ಕಾದಿರಬಹುದೆಂದು ಸುರಂಗದ ತಂಪಿನಲ್ಲಿಟ್ಟು ಹದಕ್ಕೆ ತಂದೆವು. ಬೇರೆ ಕಂತಿನ ಕ್ಯಾಪು ಹಾಕಿದ ತೋಟಾಗಳನ್ನು ಹೊಡೆಸಿದೆ. ಏನು ಮಾಡಿದರೂ ಅವಳ ಹಲಗೆಯಿಂದ ಎದ್ದದ್ದು ಕುಣಿಯುತ್ತಿತ್ತು, ಆಪರೇಟರನ ಕೈಯಿಂದ ಹೋದದ್ದು ತೆಪ್ಪಗಿರುತ್ತಿತ್ತು.

ದಿಕ್ಕು ತೋಚದೆ ಹಲಗೆಯಿಂದ ಒಂದು ತೋಟಾ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಸರ್ ಎಂದು ಸದ್ದಾಯಿತು. ಅರ್ಧ ಖಾಲಿಯಾದ ಸಾಸಿವೆ ಡಬ್ಬಿಯ ಸದ್ದು. ಕಪಾಟಿನಲ್ಲಿ ಹಳೆಯ ಮದ್ದಿನಿಂದ ತುಂಬಿದ ತೋಟಾಗಳು ಮಾದರಿಗೆಂದು ಉಳಿದಿದ್ದವು. ಅವನ್ನು ಅಲ್ಲಾಡಿಸಿದೆ. ಮೌನ.

ಒಂದು ತೋಟಾ ಬಿಚ್ಚಿಸಿ ನೋಡಿದಾಗ ಕೋಶದ ಮೂರನೇ ಒಂದು ಭಾಗ ಬರೀ ಗಾಳಿ. ಹಳೆಯ ಮದ್ದು ಕಡ್ಡಿಯ ತುಣುಕುಗಳ ಹಾಗೆ, ಕೋಶದ ಕತ್ತಿನ ತನಕ ತುಂಬಿ ಕೂರುತ್ತಿತ್ತು. ನಾನು ಸೇರುವ ಮೊದಲೇ ಕಂಪನಿ ಹೊಸ ಮದ್ದಿಗೆ ಬದಲಾಗಿತ್ತು. ಸಣ್ಣ ದುಂಡನೆಯ ಕಾಳು, ಒತ್ತಾದದ್ದು. ಅದೇ ವೇಗಕ್ಕೆ ಕಡಿಮೆ ಸಾಕು, ಅಗ್ಗ ಕೂಡ. ಜಾಗ ಉಳಿದದ್ದರಿಂದ ಅದು ಒಳಗೆ ಹರಿದಾಡುತ್ತಿತ್ತು. ಕ್ಯಾಪು ಕೆಳಗೆ ಮಾಡಿ ತಟ್ಟಿದರೆ ಮದ್ದು ಕಿಡಿಯ ಮಗ್ಗುಲಲ್ಲೇ ಬಂದು ಕೂರುತ್ತದೆ. ಗುಂಡು ಕೆಳಗೆ ಮಾಡಿದರೆ ಮುಂದಕ್ಕೆ ಸರಿದು, ಕಿಡಿ ಖಾಲಿ ಜಾಗ ದಾಟಿ ಅದನ್ನು ಮುಟ್ಟಬೇಕಾಗುತ್ತದೆ. ಉರಿಯುವ ರೀತಿಯೇ ಬೇರೆಯಾಗುತ್ತದೆ. ಹುಡುಗಿ ಮೂತಿ ತಗ್ಗಿಸಿ ಎತ್ತುವಾಗ ಮದ್ದು ಒಮ್ಮೆ ಹಿಂದೆ ಸರಿಯುತ್ತಿತ್ತು, ಒಮ್ಮೆ ಮುಂದೆಯೇ ಉಳಿಯುತ್ತಿತ್ತು, ಒಮ್ಮೆ ನಡುವೆ ಹರಡಿಕೊಳ್ಳುತ್ತಿತ್ತು.

ಹತ್ತನ್ನು ಮದ್ದು ಹಿಂದೆ ಇರುವಂತೆ ಹಾರಿಸಿದೆವು, ಹತ್ತನ್ನು ಮುಂದೆ ಇರುವಂತೆ. ಎರಡರ ನಡುವೆ ಸೆಕೆಂಡಿಗೆ ಇಪ್ಪತ್ತು ಮೀಟರಿಗೂ ಮೀರಿದ ಅಂತರ. ಆದರೆ ಹಿಂದಿನ ಹತ್ತು ತಮ್ಮೊಳಗೆ ಒಂದೇ, ಮುಂದಿನ ಹತ್ತೂ ತಮ್ಮೊಳಗೆ ಒಂದೇ. ಹಾಗಾಗಿ ಡಬ್ಬಿಯ ಮೇಲಿನ ಮಾತು ಸುಳ್ಳಲ್ಲ. ಹಸಿ ಸುಳ್ಳಾಗಿದ್ದರೆ ನನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ.

ಯಾಕೆ ತಟ್ಟುತ್ತೀ ಎಂದು ಆಪರೇಟರನನ್ನು ಕೇಳಿದೆ. “ಅಪ್ಪಡಿ ದಾನ್ ಸೊಲ್ಲಿ ಕುಡುತ್ತಾಂಗ ಮೇಡಂ,” ಎಂದ. ಹಾಗೇ ಹೇಳಿಕೊಟ್ಟಿದ್ದರು, ಹಾಗೇ ಮಾಡುತ್ತಿದ್ದ. ಅದರಲ್ಲಿ ತಪ್ಪೂ ಇಲ್ಲ. ಒಂದು ಪ್ರಯೋಗಾಲಯದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬೇಕಾದಾಗ ಮದ್ದು ಒಂದೇ ಕಡೆ ಇರಲಿ ಎಂದು ಪರೀಕ್ಷೆಯ ಕ್ರಮದಲ್ಲೇ ಬರೆದಿದೆ. ಅದು ಅಳೆಯುವವರ ಅನುಕೂಲಕ್ಕೆ ಇರುವ ಮಾತು. ಚಾಪೆಯ ಮೇಲೆ ಮಲಗಿ ಹೊಡೆಯುವವಳಿಗೆ ಕೊಡುವ ವಚನವಲ್ಲ.

ಹುಡುಗಿ ಎರಡೂ ಸಾಲಿನ ಅಂಕಿಗಳನ್ನು ಒಂದೊಂದಾಗಿ ಹೋಲಿಸಿ ನೋಡಿದಳು. ಆಮೇಲೆ ಮೊದಲ ಬಾರಿಗೆ ಕನ್ನಡದಲ್ಲಿ ಕೇಳಿದಳು, “ನನ್ನ ಕೈ ಅಲ್ಲ ಅಲ್ವಾ ಅಕ್ಕಾ?”

“ಅಲ್ಲಮ್ಮಾ.”

ಅವಳು ತಲೆಯಾಡಿಸಿ ರೈಫಲ್ ಒರೆಸಲು ಕೂತಳು.

ನಮ್ಮ ಮಾಲೀಕರು ಹುಬ್ಬಳ್ಳಿಯ ವ್ಯಾಪಾರಿ ಮನೆತನದವರು. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಬೆಲ್ಲ. ಮನೆಯಿಂದ ಬರುತ್ತಿದ್ದ ಜೋಳದ ರೊಟ್ಟಿಯನ್ನು ನನ್ನನ್ನು ಬಿಟ್ಟು ಉಂಡವರಲ್ಲ. “ನಮ್ಮ ಕನ್ನಡದವರು” ಎಂದು ಬಂದವರಿಗೆಲ್ಲ ಪರಿಚಯಿಸುತ್ತಿದ್ದರು. ಊಟದ ಹೊತ್ತಿಗೇ ಅವರ ಕೋಣೆಗೆ ಹೋಗಿ ಎಲ್ಲ ವಿವರಿಸಿದೆ. ಅವರು ರೊಟ್ಟಿ ಮುರಿಯುತ್ತಾ ಕೇಳಿದರು, ಒಮ್ಮೆಯೂ ಆಶ್ಚರ್ಯಪಡಲಿಲ್ಲ.

“ಗೊತ್ತದರೀ ಮೇಡಂ,” ಎಂದರು. “ಮದ್ದು ಕೊಟ್ಟಾವನ ಹೇಳಿದ್ದ. ಮೂತಿ ಸ್ವಲ್ಪ ಎತ್ತಿ ಇಳಿಸಿ ಹೊಡೀಬೇಕು, ಅಷ್ಟ.”

“ಅದನ್ನ ಡಬ್ಬಿ ಮೇಲೆ ಬರೀಬಹುದಿತ್ತಲ್ಲ?”

“ಬರದ್ರ ಯಾರ್ ತಗೋತಾರ್ರಿ? ಕ್ರಮದಾಗ ಹೆಂಗೈತೋ ಹಂಗ ಅಳದೀವಿ. ಸುಳ್ಳು ಹೇಳೀವೇನು?”

“ಆ ಹುಡುಗೀಗೆ ನಿನ್ನ ಕೈ ಸರಿಯಿಲ್ಲ ಅಂತ ಹೇಳಿ ಕಳಿಸಿದ್ವಿ ಸರ್.”

“ನಾವೆಲ್ಲಿ ಹೇಳೀವಿ? ಕೋಚ್ ಹೇಳಿದ್ರು.” ಚಟ್ನಿಪುಡಿಗೆ ಎಣ್ಣೆ ಬಿಟ್ಟುಕೊಂಡರು. “ನೀವು ಉಣ್ರಿ. ಮಾರಿ ಯಾಕ ಹಿಂಗ ಮಾಡೀರಿ?”

ನಾನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟೆ. ಅವರು ಊಟ ಮುಗಿಸಿ, ಕೈ ಒರೆಸಿಕೊಂಡು, ನಾನಿರುವಾಗಲೇ ಕೋಚ್‌ಗೆ ಫೋನು ಹಚ್ಚಿದರು. ಹುಬ್ಬಳ್ಳಿಯ ರಾಗದ ತಮಿಳಿನಲ್ಲಿ, ನಿಮ್ಮ ಹುಡುಗಿ ನಿಮಗೆ ಹೇಳದೆ ಬಂದಿದ್ದಳು, ಮತ್ತೆ ಪರೀಕ್ಷೆ ಮಾಡಿದೆವು, ತೋಟಾದಲ್ಲಿ ದೋಷವಿಲ್ಲ, ಪಾಪ ಮನಸ್ಸು ಗಟ್ಟಿಯಿಲ್ಲ, ಸ್ವಲ್ಪ ದಿನ ವಿಶ್ರಾಂತಿ ಕೊಡಿ ಎಂದರು. ‘ಪಾಪ’ ಎನ್ನುವಾಗ ದನಿಯಲ್ಲಿ ನಿಜವಾದ ಮರುಕವಿತ್ತು. ಅದನ್ನು ಕೇಳುತ್ತಾ ಕೂತ ನನಗೆ ಎಂಜಲ ಕೈಯಿಂದ ಯಾರೋ ಮೈ ಸವರಿದ ಹಾಗಾಯಿತು.

“ಅವಳಲ್ಲಿ ದೋಷ ಇಲ್ಲ ಅಂತ ಈಗಷ್ಟೇ ಹೇಳಿದೆ ಸರ್,” ಎಂದೆ.

“ನಮ್ಮ ಮಾಲಿನ ಮ್ಯಾಲೆ ಮಾತು ಬರಬಾರದಲ್ರೀ. ಹುಡುಗಿ ಸಣ್ಣಾಕಿ, ಮುಂದ ಭಾಳ ಟ್ರಯಲ್ಸ್ ಬರ್ತಾವ.”

ಕೋಚ್ ಅವಳನ್ನು ಆ ಸಲದ ಟ್ರಯಲ್ಸ್ ಪಟ್ಟಿಯಿಂದ ತೆಗೆದರು. ಸ್ಟೇಷನ್ನಿನ ಗದ್ದಲದ ನಡುವೆ ನಿಂತು ಅವಳು ನನಗೆ ಫೋನು ಮಾಡಿದಳು. ಅಳಲಿಲ್ಲ. ನಾನು ಕೋಚ್ ಜೊತೆ ಮಾತಾಡುತ್ತೇನೆಂದೆ, ಮಾತಾಡಿದೆ ಕೂಡ. “ಓನರ್ ಒಂದು ಸೊಲ್ರಾರು, ನೀವು ಒಂದು ಹೇಳ್ತೀರಿ. ನಾನು ಯಾರನ್ನ ನಂಬಲಿ?” ಎಂದರು. ನಂಬಲು ಅನುಕೂಲವಾದವರನ್ನು ಅವರು ಆಗಲೇ ಆರಿಸಿಕೊಂಡಿದ್ದರು.

ಆ ಸಂಜೆ ಮೈಲಾಪೂರಿನ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ತಡೆದರು. “ತಲೆ ತೊಳ್ಕೊಂಡು ಬಾರೇ. ದೀಪಾವಳಿ ಮಾರನೇ ದಿನದ ತೆರು ಥರಾ ನಾರ್ತಿದೀಯ.” ನಮ್ಮ ಮನೆಯಲ್ಲಿ ಬೀದಿಗೆ ಮೂರು ತಲೆಮಾರಿನಿಂದ ತೆರು ಎಂದೇ ಹೆಸರು. ಸ್ನಾನ ಮಾಡಿ ಬಂದು ಊಟಕ್ಕೆ ಕೂತು, ನಡೆದದ್ದನ್ನು ಹೇಳಿದೆ. ಅಮ್ಮ ಮಜ್ಜಿಗೆ ಬಡಿಸುತ್ತಾ, “ಅವರಿಗೆ ಗೊತ್ತಿದ್ದೂ ಫೋನ್ ಮಾಡಿದ್ರಾ?” ಎಂದು ಕೇಳಿದರು. ಹೌದೆಂದೆ. “ಅಸಿಂಗ,” ಎಂದರು. ಹೊಲಸು ಎನ್ನುವುದಕ್ಕೆ ಅವರಿಗೆ ತಮಿಳಿನದೇ ಮಾತು ಸಾಕಾಗುತ್ತಿತ್ತು.

ಕೆಲಸ ಬಿಡುವ ಯೋಚನೆ ಬಂತು. ಬಿಟ್ಟರೆ ಆ ಸುರಂಗಕ್ಕೆ ಇನ್ನೊಬ್ಬರು ಬರುತ್ತಾರೆ, ಅವರೂ ತಟ್ಟಿ ತಟ್ಟಿ ಹಾರಿಸುತ್ತಾರೆ ಎಂದುಕೊಂಡು ಸುಮ್ಮನಾದೆ. ಸುಮ್ಮನಿದ್ದ ಆ ವಾರಗಳಲ್ಲಿ ಪ್ರತಿ ಕಂತಿನ ಒಳ್ಳೆಯ ಅಂಕಿಗಳ ಕೆಳಗೆ ಸಹಿ ಹಾಕುವಾಗ ಪೆನ್ನು ಜಿಡ್ಡುಜಿಡ್ಡಾಗಿ ತೋರುತ್ತಿತ್ತು.

ಹಾಗಿರುವಾಗ ಒಂದು ಶೂಟಿಂಗ್ ಅಕಾಡೆಮಿಯವರು ವರ್ಷಕ್ಕಾಗುವಷ್ಟು ತೋಟಾ ಕೊಳ್ಳುವ ಮುನ್ನ ಪರೀಕ್ಷೆಯನ್ನು ಕಣ್ಣಾರೆ ನೋಡಲು ಬಂದರು. ಅವರ ತಂಡದ ಹಿರಿಯ ಸಣಕಲು ಮನುಷ್ಯ, ಮಾತು ಕಡಿಮೆ. ಮಾಲೀಕರು ಮಲ್ಲಿಗೆ ಹಾರ, ಧಾರವಾಡದ ಪೇಡೆ, ಎಳನೀರು ಎಲ್ಲ ತರಿಸಿದ್ದರು. ನನ್ನ ಕಿವಿಯಲ್ಲಿ, “ಯಾವಾಗಿನ ಹಂಗ ಮಾಡ್ರಿ, ಮುಗೀತು,” ಎಂದರು.

ಯಾವಾಗಿನ ಹಾಗೇ ಮಾಡಿದೆವು. ಆಪರೇಟರ್ ತಟ್ಟಿದ, ಮಲಗಿಸಿದ, ನೂಕಿದ. ಹತ್ತು ಹಾರಿದವು. ತೆರೆಯ ಮೇಲೆ ಅಂಕಿಗಳು ಭಜನೆಗೆ ಕೂತವರ ಹಾಗೆ ಸಾಲಾಗಿದ್ದವು. ಹಿರಿಯರು ತೃಪ್ತಿಯಿಂದ ಪೆನ್ನಿನ ಕ್ಯಾಪು ಮುಚ್ಚಿದರು. ಮಾಲೀಕರು ಪೇಡೆಯ ತಟ್ಟೆ ಎತ್ತಿದರು.

ಅಲ್ಲಿಯ ತನಕ ನಾನು ಏನೂ ನಿರ್ಧರಿಸಿರಲಿಲ್ಲ. ಆ ತಟ್ಟೆ ನನ್ನ ಮುಂದೆ ಬಂದಾಗ ಪೇಡೆ ತೆಗೆದುಕೊಳ್ಳಲು ಕೈ ಏಳಲಿಲ್ಲ. “ಇನ್ನು ಹತ್ತು ಇದೆ ಸರ್,” ಎಂದು ಆ ಹಿರಿಯರಿಗೆ ಇಂಗ್ಲಿಷಿನಲ್ಲಿ ಹೇಳಿದೆ. “ನಿಮ್ಮ ಮಕ್ಕಳು ಮಲಗಿ ಹೊಡೆಯುವಾಗ ಮದ್ದು ಇರುವ ಹಾಗೆ.”

ಮಾಲೀಕರು, “ಅದು ಬ್ಯಾರೆ ಕಂತಿನದ್ರಿ, ಇವತ್ತು ಬ್ಯಾಡ,” ಎಂದರು. ನಾನು ಅದೇ ಡಬ್ಬಿಯಿಂದ ಹತ್ತು ತೆಗೆದು ಹಿರಿಯರ ಕೈಗೇ ಕೊಟ್ಟೆ. ಅವುಗಳಲ್ಲಿ ಐದನ್ನು ಗುಂಡು ಕೆಳಗಾಗಿ ಹಿಡಿದು, ಮೆಲ್ಲಗೆ ಮಲಗಿಸಿ, ಹಾಗೇ ನೂಕಬೇಕೆಂದು ಆಪರೇಟರನಿಗೆ ಹೇಳಿದೆ. ಅವನು ಮಾಲೀಕರ ಮುಖ ನೋಡಿದ, ನನ್ನ ಮುಖ ನೋಡಿದ, ನೂಕಿದ. ಮದ್ದು ಐದರಲ್ಲಿ ಹಿಂದೆ, ಐದರಲ್ಲಿ ಮುಂದೆ ಇರುವಂತೆ ಬೆರೆಸಿ ಹಾರಿಸಿದೆವು. ತೆರೆಯ ಮೇಲೆ ಅಂಕಿಗಳು ಎರಡು ಗುಂಪಾಗಿ ಒಡೆದು ನಿಂತವು.

ಹಿರಿಯರು ಮತ್ತೆ ಪೆನ್ನಿನ ಕ್ಯಾಪು ತೆಗೆದರು. ಒಂದು ತೋಟಾ ಎತ್ತಿ ತಾವೇ ಕಿವಿಯ ಬಳಿ ಅಲ್ಲಾಡಿಸಿದರು. “ಯಾವ ರೀತಿ ಹಿಡಿದರೂ ಒಂದೇ ಬರುವುದನ್ನು ತೋರಿಸಿ, ಆಮೇಲೆ ಮಾತಾಡೋಣ,” ಎಂದು ಹೊರಟರು. ಪೇಡೆ ಹಾಗೇ ಉಳಿಯಿತು.

ಮಾಲೀಕರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. “ಮನೀ ಮಾತು ಓಣಿಗೆ ಒಯ್ದ್ರಿ ಮೇಡಂ,” ಎಂದು ಮೆಲುದನಿಯಲ್ಲಿ ಹೇಳಿ ಒಳಗೆ ಹೋದರು. ಮರುದಿನದಿಂದ ರೊಟ್ಟಿ ನಿಂತಿತು. ನನ್ನನ್ನು ತೆಗೆಯಲಿಲ್ಲ. ಆ ಅಕಾಡೆಮಿಯವರಿಗೆ ಮತ್ತೆ ಪರೀಕ್ಷೆ ತೋರಿಸಬೇಕಿತ್ತು, ಇನ್ನು ಅವರು ನಂಬುವುದು ನನ್ನ ಅಂಕಿಗಳನ್ನೇ ಎಂದು ಮಾಲೀಕರಿಗೆ ತಿಳಿದಿತ್ತು.

ಕೊನೆಗೆ ಮದ್ದು ಬದಲಾಯಿತು. ಕಡ್ಡಿಯಂಥ, ಕೋಶ ತುಂಬಿ ಕೂರುವ ಮದ್ದು ಬಂತು. ಅದು ತುಂಬುವ ಯಂತ್ರದಲ್ಲಿ ಸರಾಗವಾಗಿ ಇಳಿಯದೆ ಕಚ್ಚಿಕೊಳ್ಳುತ್ತಿತ್ತು. ಕಂತುಗಟ್ಟಲೆ ತೋಟಾಗಳನ್ನು ಬಿಚ್ಚಿ ಮದ್ದು ತೂಗಿದೆವು. ಯಂತ್ರದ ಲಾಳಿಕೆ ಬದಲಾಯಿಸಿ, ವೇಗ ತಗ್ಗಿಸಿ ಒಂದು ಹದಕ್ಕೆ ತಂದ ಮೇಲೆ, ಮದ್ದು ಹಿಂದೆ ಮಾಡಿ ಹಾರಿಸಿದರೂ ಮುಂದೆ ಮಾಡಿ ಹಾರಿಸಿದರೂ ಅಂಕಿಗಳು ಒಂದರೊಳಗೊಂದು ಸೇರಿ ಹೋದವು. ಅಂದು ಆಪರೇಟರ್ ನನಗೆ ಕಾಫಿ ತಂದುಕೊಟ್ಟ. ಇಬ್ಬರೂ ಸುರಂಗದ ಬಾಯಲ್ಲೇ ಕೂತು ಕುಡಿದೆವು. ಆ ಇಡೀ ಕಾಲದಲ್ಲಿ ನಾನು ರುಚಿ ಹಿಡಿದು ಕುಡಿದದ್ದು ಅದೊಂದನ್ನೇ.

ಅಕಾಡೆಮಿಯವರು ಕೊಂಡರು. ಒಂದು ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ದೊಡ್ಡ ಫಲಕ ಎದ್ದು ನಿಂತಿತ್ತು. “ಮೂತಿ ಮೇಲೆ, ಮೂತಿ ಕೆಳಗೆ, ಎರಡೂ ರೀತಿಯಲ್ಲಿ ಪರೀಕ್ಷಿಸಿದ ತೋಟಾ. ನಮ್ಮ ಸಂಸ್ಥಾಪಕರೇ ರೂಪಿಸಿದ ವಿಧಾನ.” ಪಕ್ಕದಲ್ಲಿ ವಿಭೂತಿ ಧರಿಸಿ ನಗುವ ಮಾಲೀಕರ ಚಿತ್ರ. ಮಧ್ಯಾಹ್ನ ರೊಟ್ಟಿಗೆ ಮತ್ತೆ ಕರೆ ಬಂತು. ಅಮ್ಮ ಬುತ್ತಿ ಕಟ್ಟಿಕೊಟ್ಟಿದ್ದಾರೆ ಎಂದು ಹೇಳಿ ಕಳಿಸಿದೆ.

ಪೆರಂಬೂರಿನ ಹುಡುಗಿ ಆ ಸಲದ ಟ್ರಯಲ್ಸ್‌ನಲ್ಲಿ ಹೊಡೆಯಲೇ ಇಲ್ಲ. ಮುಂದಿನದರಲ್ಲಿ ರೈಲ್ವೆಯವರು ಕೊಡಿಸಿದ ವಿದೇಶಿ ತೋಟಾಗಳಿಂದ ಹೊಡೆದು ತಂಡಕ್ಕೆ ಆಯ್ಕೆಯಾದಳು. ಸುದ್ದಿ ತಿಳಿದ ದಿನವೇ ಮಾಲೀಕರು ನನ್ನ ಕೋಣೆಗೆ ಬಂದರು.

“ನಮ್ಮ ಕಡೀ ಹುಡುಗಿರೀ ಆಕಿ, ಧಾರವಾಡದಾಕಿ. ಡಬ್ಬಿ ಮ್ಯಾಲೆ ಆಕೀ ಫೋಟೋ ಹಾಕೂಣು. ನಿಮ್ಮ ಮಾತು ಕೇಳ್ತಾಳ, ನೀವ ಕೇಳ್ರಿ.”

ಅವರ ಮುಖದಲ್ಲಿ ಸಂಕೋಚ ಹುಡುಕಿದೆ. ಒಂದು ಗೆರೆಯೂ ಇರಲಿಲ್ಲ. ಮರೆತಿದ್ದರು ಎಂದಲ್ಲ, ಅದು ಅವರಿಗೆ ನೆನಪಿಡುವಂಥ ಸಂಗತಿಯೇ ಆಗಿರಲಿಲ್ಲ. ಅವರೆದುರಿಗೇ ಹುಡುಗಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ.

ಉತ್ತರ ನಿಧಾನವಾಗಿ, ತಡೆದು ತಡೆದು, ಕನ್ನಡದಲ್ಲೇ ಬಂತು. “ಕೋಚ್ ಸಾರ್‌ಗೆ ಅವರು ನನ್ನ ಮನಸ್ಸು ಸರಿಯಿಲ್ಲ ಅಂತ ಹೇಳಿದ್ರಲ್ಲ ಅಕ್ಕಾ. ಅದು ಸುಳ್ಳು ಅಂತ ಅವರೇ ಹೇಳಲಿ. ಮೊದಲು ಅದು.”

“ಅಯ್ಯ, ಇಷ್ಟೇ ಏನ್ರಿ?” ಎಂದ ಮಾಲೀಕರು ತಮ್ಮ ಫೋನು ತೆಗೆದು, ಅದನ್ನೂ ಸ್ಪೀಕರಿಗೆ ಹಾಕಿ, ಕೋಚ್‌ಗೆ ಹಚ್ಚಿಯೇಬಿಟ್ಟರು. ಏನೋ ಸ್ವಲ್ಪ ತಪ್ಪು ತಿಳುವಳಿಕೆ ಎಂದು ಶುರು ಮಾಡಿದರು. ನಾನು ಅಡ್ಡ ಹಾಕಿ, “ತಪ್ಪು ತಿಳುವಳಿಕೆ ಅಲ್ಲ ಸರ್. ತೋಟಾದಲ್ಲಿ ದೋಷ ಇತ್ತು, ನಮಗೆ ಗೊತ್ತಿತ್ತು, ಅವಳ ಕೈ ಸರಿ ಇತ್ತು, ಅಂತ ಹೇಳಿ. ಅವಳು ಕೇಳಿಸ್ಕೊಳ್ತಿದಾಳೆ,” ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಬೆಲ್ಲ ತೂಗುವಷ್ಟೇ ಸಲೀಸಾಗಿ ಆ ಮೂರನ್ನೂ ಹೇಳಿದರು. ಅತ್ತ ಕೋಚ್, “ಸರಿ ವಿಡುಂಗ ಸಾರ್, ಮುಡಿಂಜ ಕಥೈ,” ಎಂದರು. ಮುಗಿದ ಕಥೆ. ಅವರಿಗೂ ಕ್ಷಮೆ ಕೇಳಬೇಕೆನ್ನಿಸಲಿಲ್ಲ.

ಮಾಲೀಕರು ನನ್ನ ಫೋನಿನ ಕಡೆ ಬಾಗಿ, “ಆತೇನವಾ? ಫೋಟೋಕ್ಕ ಯಾವಾಗ ಬರ್ತೀ?” ಎಂದು ಕೇಳಿದರು.

“ಫೋಟೋ ವೇಂಡಾಂ ಸಾರ್,” ಎಂದಳು. ಬೇಡ ಎನ್ನುವಾಗಲೂ ದನಿ ಏರಲಿಲ್ಲ. “ವೈಕ್ಕಿರೇನ್ ಅಕ್ಕಾ,” ಎಂದು ನನಗೆ ಹೇಳಿ ಫೋನು ಇಟ್ಟಳು.

ಮಾಲೀಕರ ಮುಖ ನಿಜಕ್ಕೂ ಬಾಡಿತು. ಅವರನ್ನು ನೋವಾದವರಂತೆ ನಾನು ನೋಡಿದ್ದು ಅದೊಂದೇ ಸಲ.

“ಮಾತು ಕೊಟ್ಟು ಮೋಸ ಮಾಡಿದ್ಲಲ್ರೀ ಆಕಿ.”

“ಮಾತು ಕೊಟ್ಟಿರಲಿಲ್ಲ ಸರ್,” ಎಂದೆ. “‘ಮೊದಲು ಅದು’ ಅಂದಳು, ಅಷ್ಟೆ. ಆಮೇಲೆ ಏನು ಅಂತ ಹೇಳಿರಲಿಲ್ಲ.”